ಕೊಲಾಜೆನ್ ಪುಡಿ: ಡಬ್ಬಿಯ ಮೇಲೆ ಬರೆಯದೆ ಬಿಟ್ಟದ್ದು

ಐದರಲ್ಲಿ ಎರಡು ಸ್ಟಾರ್. ಪುಡಿ ಚೆನ್ನಾಗಿ ಕರಗುತ್ತದೆ, ವಾಸನೆ ಇಲ್ಲ, ಅದಕ್ಕೆ ಆ ಎರಡು. ಉಳಿದ ಮೂರು ಹೋದದ್ದು ಲೇಬಲ್‌ನಿಂದ ಮತ್ತು ಕಂಪನಿಯ ಗ್ರಾಹಕ ಸೇವೆಯವರು ನನಗೆ ಕೊಟ್ಟ ಉತ್ತರದಿಂದ.

ನಾನು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದಿನವೆಲ್ಲ ನಿಂತೇ ಕೆಲಸ. ನಲವತ್ತು ದಾಟಿದ ಮೇಲೆ ಮೊಣಕಾಲು ಮಾತಾಡಲು ಶುರುಮಾಡಿತು, ಕೂದಲೂ ಉದುರುತ್ತಿತ್ತು. ಎರಡಕ್ಕೂ ಒಂದೇ ಮದ್ದು ಎನ್ನುವ ಹಾಗೆ ಕಂಡ ಕೊಲಾಜೆನ್ ಡಬ್ಬಿಯೊಂದನ್ನು ತರಿಸಿದೆ. ಹಣ್ಣಿನ ಫ್ಲೇವರ್ ಇರುವಂಥದ್ದು. ಆಮೇಲೆ ಹೋಲಿಸಿ ನೋಡಬೇಕು ಅನ್ನಿಸಿ ಏನೂ ಬೆರೆಸದ ಸಾದಾ ಕೊಲಾಜೆನ್ ಪುಡಿಯನ್ನೂ, ಜೆಲ್ಲಿ ಮಾಡಲು ಬಳಸುವ ಜೆಲಟಿನ್ ಪುಡಿಯನ್ನೂ ತಗೊಂಡೆ. ಹಾಗಾಗಿ ಇದು ಮೂರರ ಬಗ್ಗೆಯೂ ಬರೆದ ಅಭಿಪ್ರಾಯ. ಬೈಗುಳ ಮಾತ್ರ ಮೊದಲನೆಯದಕ್ಕೆ.

ಮೂರೂ ಒಂದೇ ಮನೆಯವು. ಪ್ರಾಣಿಗಳ ಚರ್ಮ, ಮೂಳೆ, ಮೀನಿನ ಚರ್ಮ ಮತ್ತು ಪೊರೆಯಲ್ಲಿ ಇರುವ ಪ್ರೋಟೀನ್ ಕೊಲಾಜೆನ್. ಅದನ್ನು ನೀರಿನಲ್ಲಿ ಕಾಯಿಸಿ ತೆಗೆದರೆ ಜೆಲಟಿನ್. ಅದು ಬಿಸಿ ನೀರಿನಲ್ಲಿ ಕರಗಿ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಅದನ್ನೇ ಕಿಣ್ವ ಹಾಕಿ ಇನ್ನೂ ಸಣ್ಣ ತುಂಡು ಮಾಡಿದರೆ ಸಿಗುವುದು ಕೊಲಾಜೆನ್ ಪೆಪ್ಟೈಡ್, ಕೊಲಾಜೆನ್ ಪುಡಿ ಎಂದು ಮಾರುವುದು ಇದನ್ನೇ. ಅದು ತಣ್ಣೀರಿನಲ್ಲೂ ಕರಗುತ್ತದೆ, ಗಟ್ಟಿಯಾಗುವುದಿಲ್ಲ. ಗಿಡದಿಂದ ಮಾಡಿದ ಕೊಲಾಜೆನ್ ಎಂದು ಮಾರುವ ಹೆಚ್ಚಿನ ಪುಡಿಗಳಲ್ಲಿ ಕೊಲಾಜೆನ್ ಇರುವುದೇ ಇಲ್ಲ. ವಿಟಮಿನ್ ಸಿ, ಒಂದಿಷ್ಟು ಅಮೈನೋ ಆಮ್ಲ (ಪ್ರೋಟೀನ್ ಕಟ್ಟಲು ಬೇಕಾದ ತುಣುಕುಗಳು) ಇರುತ್ತದೆ, ಅಷ್ಟೇ.

ಫ್ಲೇವರ್ ಇರುವ ಪುಡಿಯನ್ನು ಲೇಬಲ್ ಹೇಳಿದ ಹಾಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಚಮಚ ಕುಡಿಯತೊಡಗಿದೆ. ಮೊದಲ ವಾರವೇ ಹೊಟ್ಟೆ ಉಬ್ಬರ. ಮಧ್ಯಾಹ್ನದ ಹೊತ್ತಿಗೆ ಸೊಂಟದ ಪಟ್ಟಿ ಬಿಗಿಯಾಗುತ್ತಿತ್ತು. ಗ್ಯಾಸ್, ಎದೆಯುರಿ, ಊಟ ಬೇಡ ಅನ್ನಿಸುವ ಭಾರ. ಸಂಜೆ ತಲೆನೋವು. ಬಿಟ್ಟರೆ ಕಡಿಮೆಯಾಗುತ್ತಿತ್ತು, ಮತ್ತೆ ಕುಡಿದರೆ ವಾಪಸ್. ಹೀಗೆ ಬಿಟ್ಟು ಹಿಡಿದು ನೋಡಿದ ಮೇಲೆಯೇ ಕಂಪನಿಗೆ ಬರೆದೆ.

ಬಂದ ಉತ್ತರ ಇದು: “ಮೇಡಂ, ಇದು ಒಳ್ಳೆಯ ಲಕ್ಷಣ. ದೇಹದಲ್ಲಿರುವ ವಿಷ ಹೊರಗೆ ಹೋಗುತ್ತಿದೆ. ನಿಲ್ಲಿಸಬೇಡಿ, ಪ್ರಮಾಣ ಜಾಸ್ತಿ ಮಾಡಿ.”

ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಇವತ್ತಿಗೂ ಇಳಿದಿಲ್ಲ. ಕೊಲಾಜೆನ್ ಒಂದು ಪ್ರೋಟೀನ್. ಹೊಟ್ಟೆಗೆ ಹೋದರೆ ಬೇರೆ ಪ್ರೋಟೀನ್‌ಗಳ ಹಾಗೆ ಜೀರ್ಣವಾಗುತ್ತದೆ. ಅದು ಯಾವ ವಿಷವನ್ನೂ ಹೊರಗೆ ತಳ್ಳುವುದಿಲ್ಲ. ನನಗೆ ಆದದ್ದು ಹೊಟ್ಟೆ ಉಬ್ಬರ, ಸರಿ, ತಡೆದುಕೊಳ್ಳಬಹುದು. ಇದೇ ಉತ್ತರ ಮೈಮೇಲೆ ಗಂಧೆ ಎದ್ದವರಿಗೆ ಹೋದರೆ? ತುಟಿ ಊದಿಕೊಂಡವರಿಗೆ ಹೋದರೆ? ಅವರು ಒಳ್ಳೆಯ ಲಕ್ಷಣ ಎಂದುಕೊಂಡು ಇನ್ನೊಂದು ಚಮಚ ಹಾಕಿಕೊಳ್ಳುತ್ತಾರೆ. ಅಲರ್ಜಿ ಇರುವವರಿಗೆ ಆ ಎರಡನೇ ಚಮಚ ಜೀವಕ್ಕೇ ಕುತ್ತು ತರಬಹುದು. ಮನುಷ್ಯ ನನಗೆ ಹೀಗಾಗುತ್ತಿದೆ ಎಂದು ಹೇಳಿದಾಗ ಮೊದಲು ಕೇಳಬೇಕಾದದ್ದು ಏನಾಯಿತು, ಯಾವಾಗ ಆಯಿತು, ಬೇರೆ ಏನು ತಗೊಂಡಿದ್ದಿರಿ ಅಂತ ಅಲ್ವಾ?

ಅವರು ಕೇಳಲಿಲ್ಲ. ನಾನೇ ಡಬ್ಬಿ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದೆ. ಕೊಲಾಜೆನ್ ಜೊತೆಗೆ ಇನ್ಯುಲಿನ್, ಸಾರ್ಬಿಟಾಲ್, ಸುಕ್ರಲೋಸ್, ವಿಟಮಿನ್ ಸಿ, ಬಯೋಟಿನ್ ಎಂಬ ಬಿ ವಿಟಮಿನ್ ಇತ್ತು. ಇನ್ಯುಲಿನ್ ಒಂದು ನಾರು, ಸಾರ್ಬಿಟಾಲ್ ಒಂದು ಸಿಹಿಕಾರಕ. ಇನ್ಯುಲಿನ್ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದೇ ಇಲ್ಲ, ಸಾರ್ಬಿಟಾಲ್ ಪೂರ್ತಿ ಒಳಗೆ ಸೇರುವುದಿಲ್ಲ. ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಗ್ಯಾಸ್ ಬರುತ್ತದೆ. ಸೂಕ್ಷ್ಮ ಕರುಳಿನವರಿಗೆ ಇವೆರಡೂ ಕಷ್ಟ ಎನ್ನುವುದು ಹಳೆಯ ವಿಷಯ. ಇವ್ಯಾವುವೂ ಇಲ್ಲದ ಸಾದಾ ಪುಡಿಗೆ ಬದಲಾಯಿಸಿ, ಅರ್ಧ ಚಮಚದಿಂದ ಶುರುಮಾಡಿ, ಊಟದ ಜೊತೆ ತಗೊಂಡಾಗ ಉಬ್ಬರ ಬಹುಪಾಲು ಹೋಯಿತು. ತಲೆನೋವೂ ಬರಲಿಲ್ಲ. ಅಂದರೆ ನನ್ನ ತೊಂದರೆಯಲ್ಲಿ ದೊಡ್ಡ ಪಾಲು ಕೊಲಾಜೆನ್‌ನದ್ದಲ್ಲ, ಅದರ ಜೊತೆ ಬಂದವರದ್ದು. ಇಷ್ಟನ್ನು ಹೇಳಲು ಕಂಪನಿಗೆ ಎರಡು ಸಾಲು ಸಾಕಿತ್ತು.

ಇನ್ನು ಬಯೋಟಿನ್. ಇದು ನನ್ನ ಕೆಲಸಕ್ಕೆ ನೇರವಾಗಿ ಬರುವ ವಿಷಯ, ಸ್ವಲ್ಪ ಉದ್ದವಾದರೂ ಓದಿ.

ದೊಡ್ಡವರಿಗೆ ದಿನಕ್ಕೆ ಸಾಕು ಎನ್ನುವ ಬಯೋಟಿನ್ 30 ಮೈಕ್ರೋಗ್ರಾಂ. ಕೂದಲು, ಉಗುರಿಗೆ ಎಂದು ಮಾರುವ ಪುಡಿ, ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುವುದು ಮಾಮೂಲು. ನನ್ನ ಡಬ್ಬಿಯಲ್ಲಿ 5,000 ಇತ್ತು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ದೇಹಕ್ಕೆ ನೇರ ಹಾನಿ ಕಾಣುವುದಿಲ್ಲ. ತೊಂದರೆ ಇರುವುದು ನಮ್ಮ ಯಂತ್ರಗಳಲ್ಲಿ. ಥೈರಾಯ್ಡ್‌ನಂಥ ಹಲವು ಪರೀಕ್ಷೆಗಳ ಕಿಟ್‌ಗಳೇ ಬಯೋಟಿನ್ ಬಳಸಿ ಕೆಲಸ ಮಾಡುತ್ತವೆ. ರಕ್ತದಲ್ಲೂ ಬಯೋಟಿನ್ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಬರುತ್ತದೆ, ಥೈರಾಯ್ಡ್ ತಾನೇ ಮಾಡುವ ಹಾರ್ಮೋನ್ ಟಿ4 ಇರುವುದಕ್ಕಿಂತ ಜಾಸ್ತಿ ಬರುತ್ತದೆ. ವರದಿ ನೋಡಿದವರಿಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದೇ ಕಾಣುತ್ತದೆ.

ಒಬ್ಬ ಹೆಂಗಸಿನ ವರದಿ ಹೀಗೆಯೇ ಬಂದಿತ್ತು. ಆದರೆ ಅವರಿಗೆ ಅದಕ್ಕೆ ತಕ್ಕ ಲಕ್ಷಣ ಯಾವುದೂ ಇರಲಿಲ್ಲ: ಕೈ ನಡುಕವಿಲ್ಲ, ತೂಕ ಇಳಿದಿಲ್ಲ, ಎದೆಬಡಿತ ಜೋರಾಗಿಲ್ಲ. “ಕೂದಲಿಗೆ, ಚರ್ಮಕ್ಕೆ ಅಂತ ಏನಾದರೂ ತಗೊಳ್ತಾ ಇದ್ದೀರಾ ಮೇಡಂ?” ಎಂದು ಕೇಳಿದೆ. ಕೊಲಾಜೆನ್ ಪುಡಿ ಎಂದರು. ಡಾಕ್ಟರಿಗೆ ತಿಳಿಸಿದೆವು. ಪುಡಿ ನಿಲ್ಲಿಸಿ ಮತ್ತೆ ರಕ್ತ ಕೊಟ್ಟಾಗ ಎಲ್ಲ ಸರಿಯಾಗಿತ್ತು. ಕೇಳದೇ ಇದ್ದಿದ್ದರೆ ಸುಮ್ನೆ ಥೈರಾಯ್ಡ್ ಮಾತ್ರೆ ಶುರುವಾಗುತ್ತಿತ್ತು. ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆಯೂ ಕೆಲವು ಕಿಟ್‌ಗಳಲ್ಲಿ ಹೀಗೆ ಕಡಿಮೆ ತೋರಿಸಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬಯೋಟಿನ್ ಜಾಸ್ತಿ ತಗೊಂಡು ಟ್ರೊಪೋನಿನ್ ತಪ್ಪಾಗಿ ಕಡಿಮೆ ಬಂದ ರೋಗಿಯೊಬ್ಬರು ತೀರಿಕೊಂಡ ಪ್ರಕರಣ ಅದರಲ್ಲಿತ್ತು. ರಕ್ತ ಕೊಡುವ ಮೊದಲು ಈ ಪುಡಿಯ ವಿಷಯ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಲ್ಯಾಬ್‌ನಲ್ಲೇ ಕೇಳಿ. ಥೈರಾಯ್ಡ್ ಪರೀಕ್ಷೆಗೆ ಸಾಮಾನ್ಯವಾಗಿ ಕನಿಷ್ಠ 2 ದಿನ ಹೇಳುತ್ತಾರೆ. ಪ್ರಮಾಣ ತುಂಬಾ ಇದ್ದರೆ ಇನ್ನೂ ಹೆಚ್ಚು. ಈ ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ.

ನಮ್ಮಕ್ಕನಿಗೆ ಕಿಡ್ನಿಯಲ್ಲಿ ಕಲ್ಲು ಆಗಿತ್ತು. ಆಕ್ಸಲೇಟ್ ಎಂಬ ಲವಣ ಕ್ಯಾಲ್ಸಿಯಂ ಜೊತೆ ಸೇರಿ ಆಗುವ ಕಲ್ಲು. ನನ್ನ ಡಬ್ಬಿ ನೋಡಿ ತಾನೂ ತರಿಸುತ್ತೇನೆ ಅಂದಳು. “ನಿಂಗೆ ಬೇಡ ಅಕ್ಕ, ಮೊದಲು ಡಾಕ್ಟರ್ ಹತ್ರ ಕೇಳು” ಎಂದೆ. ಕೊಲಾಜೆನ್‌ನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ತುಂಬಾ ಇದೆ. ಬೇರೆ ಪ್ರೋಟೀನ್‌ಗಳಲ್ಲಿ ಅದು ಅಪರೂಪ. ದೇಹ ಅದನ್ನು ಒಡೆಯುವಾಗ ಒಂದು ಪಾಲು ಆಕ್ಸಲೇಟ್ ಆಗಿ ಮೂತ್ರಕ್ಕೆ ಬರುತ್ತದೆ. ಜೆಲಟಿನ್ ಕೊಟ್ಟು ಮೂತ್ರ ಅಳೆದು ನೋಡಿದ ಅಧ್ಯಯನಗಳಲ್ಲಿ ಆಕ್ಸಲೇಟ್ ಏರಿದ್ದು ಕಂಡಿದೆ. ವಿಟಮಿನ್ ಸಿ ಜಾಸ್ತಿಯಾದರೆ ಅದರಿಂದಲೂ ಆಕ್ಸಲೇಟ್ ಹುಟ್ಟುತ್ತದೆ. ಈ ಡಬ್ಬಿಯಲ್ಲಿ ಎರಡೂ ಒಟ್ಟಿಗಿವೆ. ಕಲ್ಲಿನ ನೋವು ಕಂಡವರಿಗೆ ಗೊತ್ತು, ಆ ನೋವನ್ನು ಮತ್ತೆ ಕರೆಸಿಕೊಳ್ಳುವಷ್ಟು ದೊಡ್ಡ ಲಾಭ ಯಾವ ಪುಡಿಯಲ್ಲೂ ಇಲ್ಲ. ಅಕ್ಕನ ಡಾಕ್ಟರೂ ಬೇಡ ಅಂದರು.

ಅಲರ್ಜಿಯ ವಿಷಯಕ್ಕೆ ಬಂದರೆ, ಎಲ್ಲಿಂದ ತೆಗೆದ ಕೊಲಾಜೆನ್ ಎನ್ನುವುದು ಮುಖ್ಯ. ನನ್ನ ಡಬ್ಬಿಯ ಮುಂಭಾಗದಲ್ಲಿ “ಮರೀನ್” ಎಂದಿದೆ, ಅಂದರೆ ಮೀನಿನದ್ದು. ಆದರೆ ಮೀನಿನ ಅಲರ್ಜಿ ಇರುವವರು ತಗೊಳ್ಳಬಾರದು ಎನ್ನುವ ಮಾತು ಎಲ್ಲೂ ಇಲ್ಲ. ಮೀನಿನ ಜೆಲಟಿನ್‌ನಿಂದ ತೀವ್ರ ಅಲರ್ಜಿ ಆಗುವುದು ಅಪರೂಪ, ಆದರೆ ಆಗಿದೆ. ದನ, ಹಂದಿಯಿಂದ ತೆಗೆದದ್ದರಲ್ಲಿ ಇನ್ನೊಂದು ತೊಡಕು. ಕೆಲವು ಬಗೆಯ ಉಣ್ಣಿ ಕಚ್ಚಿದ ಮೇಲೆ ಕೆಲವರಿಗೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವಿರುದ್ಧ ಅಲರ್ಜಿ ಹುಟ್ಟುತ್ತದೆ. ಆ ಸಕ್ಕರೆ ಈ ಪ್ರಾಣಿಗಳ ಮಾಂಸದಲ್ಲಿದೆ, ಜೆಲಟಿನ್‌ನಲ್ಲೂ ಉಳಿದಿರಬಹುದು. ಇದರಲ್ಲಿ ಪ್ರತಿಕ್ರಿಯೆ ತಕ್ಷಣ ಬರುವುದಿಲ್ಲ. ತಿಂದ 2ರಿಂದ 6 ಗಂಟೆ ಬಿಟ್ಟು ಬರುತ್ತದೆ. ರಾತ್ರಿ ಕುಡಿದು ಮಲಗಿದವರು ನಡುರಾತ್ರಿ ತುರಿಕೆ, ಹೊಟ್ಟೆನೋವಿನಿಂದ ಎದ್ದರೆ ಪುಡಿಯ ಮೇಲೆ ಅನುಮಾನ ಬರುವುದಾದರೂ ಹೇಗೆ? ಇದಕ್ಕೆ ರಕ್ತ ಪರೀಕ್ಷೆ ಇದೆ, ಅನುಮಾನವಿದ್ದರೆ ಡಾಕ್ಟರನ್ನು ಕೇಳಿ.

ಜೆಲಟಿನ್‌ಗೆ ಅಲರ್ಜಿ ಎಂದು ಒಮ್ಮೆ ಗೊತ್ತಾದರೆ ಅದು ಪುಡಿಯ ಮಟ್ಟಿಗೆ ಮುಗಿಯುವ ಮಾತಲ್ಲ. ಕ್ಯಾಪ್ಸೂಲ್‌ಗಳ ಹೊದಿಕೆ, ಗಮ್ಮಿ ಮಿಠಾಯಿಗಳು, ಕೆಲವು ಲಸಿಕೆಗಳಲ್ಲೂ ಜೆಲಟಿನ್ ಇರುತ್ತದೆ. ಜಪಾನಿನಲ್ಲಿ 1990ರ ದಶಕದಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಕಂಡ ಅಲರ್ಜಿಗಳ ಬೆನ್ನು ಹತ್ತಿದಾಗ ಸಿಕ್ಕಿದ್ದು ಅದರೊಳಗಿದ್ದ ಜೆಲಟಿನ್. ಆಮೇಲೆ ಅಲ್ಲಿ ಲಸಿಕೆಗಳಿಂದ ಅದನ್ನು ತೆಗೆದರು, ಇಲ್ಲವೇ ಬದಲಾಯಿಸಿದರು. ಹಾಗಾಗಿ ಇಂಥ ಪುಡಿಯಿಂದ ಗಂಧೆ ಎದ್ದಿದ್ದರೆ ಮುಂದಿನ ಲಸಿಕೆಗೆ ಮೊದಲು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ನಿದ್ದೆಯ ಬಗ್ಗೆ ಎರಡೂ ಬಗೆಯ ಮಾತು ಕೇಳಿದ್ದೇನೆ. ನನಗೆ ಸಾದಾ ಪುಡಿಯನ್ನು ರಾತ್ರಿ ತಗೊಂಡಾಗ ನಿದ್ದೆ ಒಡೆಯುತ್ತಿತ್ತು, ಬೆಳಿಗ್ಗೆಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಇನ್ನು ಕೆಲವರಿಗೆ ಇದರಿಂದಲೇ ಒಳ್ಳೆ ನಿದ್ದೆ. ಕೊಲಾಜೆನ್‌ನಲ್ಲಿ ಪ್ರತಿ ಮೂರನೇ ಅಮೈನೋ ಆಮ್ಲ ಗ್ಲೈಸಿನ್. ಮಲಗುವ ಮೊದಲು 3 ಗ್ರಾಂ ಗ್ಲೈಸಿನ್ ತಗೊಂಡವರಿಗೆ ನಿದ್ದೆ ಚೆನ್ನಾಗಿ ಬಂತು ಎಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ಇನ್ನೊಂದು ಕಡೆ, ಇದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇಲ್ಲವೇ ಇಲ್ಲ. ಮನಸ್ಸು, ನಿದ್ದೆಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ಮಾಡಲು ಮಿದುಳಿಗೆ ಬೇಕಾದದ್ದು ಅದೇ. ಸಂಶೋಧಕರು ಟ್ರಿಪ್ಟೊಫ್ಯಾನ್ ಇಳಿಸಿ ನೋಡಬೇಕಾದಾಗ ಜೆಲಟಿನ್ ಬೆರೆಸಿದ ಪಾನೀಯವನ್ನೇ ಬಳಸಿದ್ದೂ ಇದೆ. ಊಟದ ಜೊತೆ ಒಂದು ಚಮಚಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನಸ್ಸು ಕುಗ್ಗಿದ ಹಾಗೆ, ಚಡಪಡಿಕೆ ಆದ ಹಾಗೆ ಅನ್ನಿಸಿದರೆ ಮಾತ್ರ ನಿಲ್ಲಿಸಿ ನೋಡುವುದು ಒಳ್ಳೆಯದು.

ಟ್ರಿಪ್ಟೊಫ್ಯಾನ್ ಇಲ್ಲ ಎನ್ನುವ ಕಾರಣಕ್ಕೇ ಈ ಡಬ್ಬಿಯ ಇನ್ನೊಂದು ಸಾಲು ನನಗೆ ಸಹಿಸಲಾಗದು. “ಬೆಳಗಿನ ಆಹಾರದ ಬದಲು” ಎಂದು ಬರೆದಿದ್ದಾರೆ. ಒಂದು ಬೇಕೇಬೇಕಾದ ಅಮೈನೋ ಆಮ್ಲ ಪೂರ್ತಿ ಇಲ್ಲದ ಪ್ರೋಟೀನ್ ಊಟದ ಬದಲಾಗುವುದು ಹೇಗೆ? ಇದು ಇವತ್ತಿನ ಪಾಠವೂ ಅಲ್ಲ. ಫ್ರಾನ್ಸಿನಲ್ಲಿ ಬಡವರಿಗೆ, ಆಸ್ಪತ್ರೆಯಲ್ಲಿದ್ದವರಿಗೆ ಮೂಳೆಯ ಜೆಲಟಿನ್ ಸಾರು ಕೊಟ್ಟು ಪೋಷಿಸಬಹುದೇ ಎಂಬ ಜಗಳ ವರ್ಷಗಟ್ಟಲೆ ನಡೆದಿತ್ತು. 1841ರಲ್ಲಿ ಅಲ್ಲಿನ ದೇಹವಿಜ್ಞಾನಿ ಮಜಾಂಡಿ ಮುಂದಾಳತ್ವದ ಸಮಿತಿ ಪ್ರಾಣಿಗಳಿಗೆ ಕೊಟ್ಟು ನೋಡಿ, ಜೆಲಟಿನ್ ಒಂದರಿಂದಲೇ ಜೀವ ಉಳಿಯದು ಎಂದಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ತೂಕ ಇಳಿಸಲು ಕೊಲಾಜೆನ್‌ನಿಂದ ಮಾಡಿದ ದ್ರವ ಪ್ರೋಟೀನ್ ಕುಡಿದು, ಬೇರೇನೂ ತಿನ್ನದೆ ಇದ್ದವರಲ್ಲಿ 50ಕ್ಕೂ ಹೆಚ್ಚು ಸಾವುಗಳು ವರದಿಯಾದವು. ಹಲವರ ಹೃದಯದ ಬಡಿತವೇ ಏರುಪೇರಾಗಿತ್ತು. ಅಲ್ಲಿ ವಿಪರೀತ ಉಪವಾಸವೂ ಸೇರಿತ್ತು, ನಿಜ. ಇಷ್ಟೆಲ್ಲ ಆದ ಮೇಲೂ ಡಬ್ಬಿಯ ಮೇಲೆ ಊಟದ ಬದಲು ಎಂದು ಅಚ್ಚು ಹಾಕುವ ಧೈರ್ಯ ಹೇಗೆ ಬರುತ್ತದೆ?

ಲಾಭದ ಮಾತು ಬೇಗ ಮುಗಿಸುತ್ತೇನೆ. ಚರ್ಮದ ತೇವ, ಮೊಣಕಾಲು ನೋವಿನಲ್ಲಿ ಸ್ವಲ್ಪ ಸುಧಾರಣೆ ತೋರಿಸಿದ ಅಧ್ಯಯನಗಳಿವೆ. ಹಲವಕ್ಕೆ ದುಡ್ಡು ಕೊಟ್ಟವರು ತಯಾರಕರೇ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2011ರಲ್ಲಿ ಕೊಲಾಜೆನ್ ಕೀಲಿಗೆ ಒಳ್ಳೆಯದು ಎನ್ನುವ ಹೇಳಿಕೆಗೆ ಆಧಾರ ಸಾಲದು ಎಂದಿತ್ತು. ನನ್ನ ಉಗುರು ಒಂದಿಷ್ಟು ಗಟ್ಟಿಯಾಗಿದೆ. ಮೊಣಕಾಲು ಹಾಗೇ ಇದೆ.

ಜೆಲಟಿನ್ ಪುಡಿಯ ಬಗ್ಗೆ ಎರಡು ಮಾತು. ಅದನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಉಬ್ಬಿದ ಮೇಲೆ ಬಿಸಿ ನೀರು ಹಾಕಿ ಪೂರ್ತಿ ಕರಗಿಸಿ ಕುಡಿಯಬೇಕು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ನೀರು ಹೀರಿ ಅಂಟಿಕೊಳ್ಳುತ್ತದೆ. ನನಗೆ ಇದರಿಂದ ಹೊಟ್ಟೆ ಭಾರವಾಯಿತು, ಮಲಬದ್ಧತೆ ಆಯಿತು, ನೀರು ಜಾಸ್ತಿ ಕುಡಿದರೂ ಅಷ್ಟೇನೂ ಇಳಿಯಲಿಲ್ಲ. ಬೆಲೆ ಕಡಿಮೆ ಎನ್ನುವುದೊಂದೇ ಅನುಕೂಲ.

ತಗೊಳ್ಳಲೇಬೇಕು ಎನ್ನುವವರು ಬರೀ ಕೊಲಾಜೆನ್ ಇರುವ, ಯಾವ ಪ್ರಾಣಿಯದ್ದು ಎಂದು ಬರೆದಿರುವ, ಸೀಸ, ಪಾದರಸದಂಥ ಭಾರಲೋಹಗಳ ಪರೀಕ್ಷಾ ವರದಿ ಕೇಳಿದರೆ ಕೊಡುವ ಪುಡಿ ನೋಡಿ. ಕಾಲು ಚಮಚದಿಂದ ಶುರುಮಾಡಿ. ಅದೇ ವಾರ ಬೇರೆ ಹೊಸ ಮಾತ್ರೆ ಶುರುಮಾಡಬೇಡಿ, ಆಗ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬರ, ತಲೆನೋವಾದರೆ ನಿಲ್ಲಿಸಿ, ಸರಿಯಾದ ಮೇಲೆ ಇನ್ನೂ ಕಡಿಮೆ ಹಾಕಿ ನೋಡಬಹುದು. ಗಂಧೆ, ಮುಖ ಅಥವಾ ತುಟಿ ಊತ, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವ ಹಾಗಾಗುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಮಾಡಿ ನೋಡೋಣ ಎಂದು ಮನೆಯಲ್ಲಿ ಮತ್ತೆ ಕುಡಿಯಲೇಬೇಡಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಒಳಗೇನಿದೆ ಎಂದು ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು.

ಸಾದಾ ಪುಡಿಗೆ ಮೂರೂವರೆ ಸ್ಟಾರ್, ಜೆಲಟಿನ್‌ಗೆ ಎರಡೂವರೆ. ಫ್ಲೇವರ್ ಡಬ್ಬಿಯ ಕಂಪನಿಗೆ ಮತ್ತೆ ಬರೆದಿದ್ದೇನೆ. ಮೀನಿನ ಅಲರ್ಜಿ, ಕಿಡ್ನಿ ಕಲ್ಲು, ಬಯೋಟಿನ್ ಮತ್ತು ರಕ್ತ ಪರೀಕ್ಷೆ, ಈ ಮೂರು ಎಚ್ಚರಿಕೆ ಲೇಬಲ್ ಮೇಲೆ ಬರಬೇಕು, ಊಟದ ಬದಲು ಎನ್ನುವ ಸಾಲು ಹೋಗಬೇಕು ಎಂದು ಕೇಳಿದ್ದೇನೆ. ಪರಿಶೀಲಿಸುತ್ತೇವೆ ಎಂದಷ್ಟೇ ಹೇಳಿದ್ದಾರೆ. ಅಲ್ಲಿಯವರೆಗೆ ಎರಡೇ.