ಎರಡು ಮಳೆಗಾಲ ಕಂಡ ತಾರಸಿ ಸೋಲಾರ್: ಬನಶಂಕರಿಯ ಮನೆಯೊಂದರ ಅನುಭವ

ನಮ್ಮದು ಬನಶಂಕರಿ 3ನೇ ಹಂತದಲ್ಲಿ 30×40 ಸೈಟಿನ ಮನೆ. ತಾರಸಿಯಲ್ಲಿ 540 ವ್ಯಾಟಿನ ಆರು ಪ್ಯಾನೆಲ್, 3 ಕಿಲೋವ್ಯಾಟಿನ ಆನ್‌ಗ್ರಿಡ್ (ಅಂದರೆ ಬೆಸ್ಕಾಂ ಲೈನಿಗೆ ಜೋಡಿಸಿದ) ಇನ್ವರ್ಟರ್ ಇವೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆಯಡಿ ಹಾಕಿಸಿದೆವು. ಒಟ್ಟು ಖರ್ಚು ಎರಡು ಲಕ್ಷದ ಆಸುಪಾಸು ಬಂತು. ಅದರಲ್ಲಿ 78,000 ರೂಪಾಯಿ ಸಬ್ಸಿಡಿಯಾಗಿ ಬ್ಯಾಂಕ್ ಖಾತೆಗೆ ವಾಪಸ್ ಬಂತು. ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ನಾಲ್ಕು ಕೊಡುತ್ತೇನೆ. ಒಂದಂಕ ಕಡಿಮೆಯಾಗಿದ್ದು ಪ್ಯಾನೆಲ್‌ನ ದೋಷದಿಂದಲ್ಲ, ಅದನ್ನು ಕೂರಿಸಿದವರ ಕೆಲಸದಿಂದ.

ಪ್ಯಾನೆಲ್ ಯಾವ ಕಂಪನಿಯದು ಎಂದು ನೋಡಲು ಬಂದವರೆಲ್ಲ ಮೊದಲು ಕೇಳುತ್ತಾರೆ. ಸಬ್ಸಿಡಿ ಬೇಕಿದ್ದರೆ ಪ್ಯಾನೆಲ್ಲೂ ಅದರೊಳಗೆ ಬಿಸಿಲನ್ನು ಕರೆಂಟ್ ಮಾಡುವ ಸೆಲ್ಲೂ ದೇಶದಲ್ಲೇ ತಯಾರಾಗಿರಬೇಕು. ಹೀಗಾಗಿ ಆಯ್ಕೆ ಮೊದಲೇ ಕಿರಿದಾಗುತ್ತದೆ, ಆ ಪಟ್ಟಿಯೊಳಗಿನ ಪ್ಯಾನೆಲ್‌ಗಳ ನಡುವೆ ಮನೆ ಬಳಕೆಗೆ ಗೊತ್ತಾಗುವಷ್ಟು ವ್ಯತ್ಯಾಸವಿಲ್ಲ. ಕೇಳಬೇಕಾದದ್ದು ಡಿಸೆಂಬರ್‌ನಲ್ಲಿ ತಾರಸಿಯ ಮೇಲೆ ನೆರಳು ಎಲ್ಲಿ ಬೀಳುತ್ತದೆ ಅನ್ನುವುದು.

ಯಾಕೆ ಡಿಸೆಂಬರ್? ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೂ ಆಗ ನೆರಳಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಆದರೆ ಬಹಳ ಎತ್ತರದಲ್ಲಿ. ಡಿಸೆಂಬರ್ ಕೊನೆಗೆ ದಕ್ಷಿಣಕ್ಕೆ ಸರಿದು, ಹನ್ನೆರಡು ಗಂಟೆಯಲ್ಲೂ ಸುಮಾರು 53 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಅಂದರೆ ದಕ್ಷಿಣದ ಪಕ್ಕದ ಮನೆಯವರ ಮೂರನೇ ಮಹಡಿ, ನಮ್ಮದೇ ನೀರಿನ ಟ್ಯಾಂಕು, ಮೆಟ್ಟಿಲ ಮೇಲಿನ ಹೆಡ್‌ರೂಮು, ಎಲ್ಲದರ ನೆರಳೂ ಉದ್ದವಾಗಿ ಬೀಳುವುದು ಚಳಿಗಾಲದಲ್ಲೇ. ಮಳೆ ಮುಗಿದು ಆಕಾಶ ತಿಳಿಯಾಗಿ ಉತ್ಪಾದನೆ ಏರಬೇಕಾದ ಕಾಲವೂ ಅದೇ. ಮೇ ತಿಂಗಳಲ್ಲಿ ತಾರಸಿ ನೋಡಿ "ಎಲ್ಲೂ ನೆರಳಿಲ್ಲ, ಫಸ್ಟ್ ಕ್ಲಾಸ್ ಜಾಗ" ಎಂದು ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ಒಂದು ವರ್ಷ ಕಾಯಲು ಆಗದಿದ್ದರೆ, ಮೊಬೈಲ್‌ನಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪ್ ಹಾಕಿಕೊಂಡು ಡಿಸೆಂಬರ್ 21ರ ದಾರಿ ನೋಡಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಆ ದಾರಿಗೆ ಏನು ಅಡ್ಡ ಬರುತ್ತದೋ ಅದೇ ನಿಮ್ಮ ಶತ್ರು.

ನಮ್ಮ ತಾರಸಿಯ ದಕ್ಷಿಣದ ಒಳ್ಳೆಯ ಮೂಲೆಯನ್ನು ಬಿಸಿನೀರಿನ ಸೋಲಾರ್ ಹಳೆಯ ಕಾಲದಿಂದ ಹಿಡಿದುಕೊಂಡಿತ್ತು. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಹೀಗೆಯೇ. ಗುತ್ತಿಗೆದಾರರ ಮೊದಲ ನಕ್ಷೆಯಲ್ಲಿ ಎರಡು ಪ್ಯಾನೆಲ್ ಅದರ ಟ್ಯಾಂಕಿನ ಹಿಂದೆ ಬರುತ್ತಿದ್ದವು. ನಾನು ಒಪ್ಪಲಿಲ್ಲ. ಪ್ಯಾನೆಲ್ ಕೂರಿಸುವ ಸ್ಟ್ರಕ್ಚರನ್ನು ಎಂಟು ಅಡಿ ಎತ್ತರಕ್ಕೆ ಏರಿಸಲು ಹೇಳಿ, ಹೆಚ್ಚಿನ ಜಿಐ ಪೈಪಿನ ದುಡ್ಡು ಕೊಟ್ಟೆ. ಪೂರ್ತಿ ಖರ್ಚಿನಲ್ಲಿ ಅತ್ಯಂತ ಚೆನ್ನಾಗಿ ಕೆಲಸಕ್ಕೆ ಬಂದ ಹಣ ಅದು. ಪ್ಯಾನೆಲ್ ಪ್ಯಾರಪೆಟ್ ಮತ್ತು ಟ್ಯಾಂಕಿನ ನೆರಳಿಂದ ಮೇಲೆ ಬಂತು, ಕೆಳಗೆ ಗಾಳಿ ಆಡುತ್ತದೆ, ಅತ್ತೆಯವರ ಸಂಡಿಗೆಗೂ ಬಟ್ಟೆ ಒಣಗಿಸುವ ತಂತಿಗೂ ಜಾಗ ಉಳಿಯಿತು.

ನೆರಳಿನ ವಿಷಯದಲ್ಲಿ ಇನ್ನೊಂದು ಮಾತು. ಪ್ಯಾನೆಲ್‌ನ ಹತ್ತರಲ್ಲೊಂದು ಭಾಗಕ್ಕೆ ನೆರಳು ಬಿದ್ದರೆ ಹತ್ತರಲ್ಲೊಂದು ಭಾಗ ಮಾತ್ರ ನಷ್ಟ ಎಂದು ಲೆಕ್ಕ ಹಾಕಬಾರದು. ಸೆಲ್‌ಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದಕ್ಕೆ ಬಿಸಿಲು ತಪ್ಪಿದರೆ ಆ ಸಾಲಿನ ಕರೆಂಟೇ ಕುಗ್ಗುತ್ತದೆ. ಸಾಮಾನ್ಯವಾಗಿ ಒಂದು ಪ್ಯಾನೆಲ್‌ಗೆ ಮೂರು ಬೈಪಾಸ್ ಡಯೋಡ್ ಇರುವುದರಿಂದ ಆ ಭಾಗವನ್ನು ಬಿಟ್ಟು ಕರೆಂಟ್ ಮುಂದೆ ಹೋಗುತ್ತದೆ, ಆದರೆ ಮೂರನೇ ಒಂದು ಭಾಗ ಕೈಬಿಟ್ಟ ಹಾಗೆಯೇ. ಹಿಂದಿನ ಮನೆಯ ತೆಂಗಿನ ಗರಿಯೊಂದು ಬಾಗಿದಾಗ ಇನ್ವರ್ಟರ್ ಆ್ಯಪ್‌ನಲ್ಲಿ ಬೆಳಗಿನ ರೇಖೆ ತಗ್ಗಿದ್ದು ಎದ್ದು ಕಾಣುತ್ತಿತ್ತು. ಅವರನ್ನು ಕೇಳಿ ಗರಿ ಕಡಿಸಿದ ಮೇಲೆ ಸರಿಹೋಯಿತು. ನೆರಳು ತಪ್ಪಿಸಲು ಸಾಧ್ಯವೇ ಇಲ್ಲದ ತಾರಸಿಯಾದರೆ ಪ್ಯಾನೆಲ್‌ಗೊಂದು ಮೈಕ್ರೋ ಇನ್ವರ್ಟರ್ (ಆ ಒಂದು ಪ್ಯಾನೆಲ್‌ಗೆ ಮಾತ್ರ ಕೆಲಸ ಮಾಡುವ ಚಿಕ್ಕ ಇನ್ವರ್ಟರ್) ಹಾಕಿಸುವುದು ದುಬಾರಿಯಾದರೂ ಸರಿ.

ಈಗ ಉತ್ಪಾದನೆ. ವರ್ಷದ ಸರಾಸರಿ ತೆಗೆದರೆ ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್, ಅಂದರೆ ನಮಗೆ ಹನ್ನೆರಡರ ಸುತ್ತಮುತ್ತ. ಫೆಬ್ರವರಿ, ಮಾರ್ಚ್‌ನಲ್ಲಿ ಹದಿನೈದರ ಹತ್ತಿರ ಹೋಗುತ್ತದೆ. ಜುಲೈನ ಮೋಡದಲ್ಲಿ ಎಂಟಕ್ಕೆ ಇಳಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ದಿನವಿಡೀ ಜಿಟಿಜಿಟಿ ಹಿಡಿದರೆ ಮೂರು ನಾಲ್ಕೂ ಬಂದದ್ದಿದೆ. ಹೊಸದಾಗಿ ಹಾಕಿಸಿದವರು ಮೊದಲ ಜುಲೈನಲ್ಲಿ ಗಾಬರಿಯಾಗುವುದು ಸಹಜ. ಎರಡನೇ ವರ್ಷದಿಂದ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ ನೋಡಿ, ಹಿಂದಿನ ತಿಂಗಳ ಜೊತೆ ಅಲ್ಲ.

ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಎನ್ನುವುದೂ ಅರ್ಧ ಸತ್ಯ. ಪ್ಯಾನೆಲ್‌ನ ವ್ಯಾಟ್ ಅಳೆಯುವುದು ಸೆಲ್‌ನ ಉಷ್ಣತೆ 25 ಡಿಗ್ರಿ ಇದ್ದಾಗ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದಿರುತ್ತದೆ. ಅದಕ್ಕೇ ನಮ್ಮ ಊರಿನ ಹವೆ ಸೋಲಾರ್‌ಗೆ ಹೇಳಿ ಮಾಡಿಸಿದ್ದು. ರಾಯಚೂರು, ಕಲಬುರಗಿಯಷ್ಟು ಕಾವು ಇಲ್ಲಿಲ್ಲ. ಸಂಜೆ ಗುಡುಗಿನ ಮಳೆ ಬಂದು ಪ್ಯಾನೆಲ್ ತೊಳೆದುಹೋದ ಮಾರನೇ ದಿನ, ತಂಪು ಗಾಳಿ ಮತ್ತು ತಿಳಿ ಆಕಾಶ ಎರಡೂ ಸಿಕ್ಕಾಗ, ವರ್ಷದ ಅತಿ ಒಳ್ಳೆಯ ಅಂಕಿಗಳು ಬರುತ್ತವೆ.

ತೊಳೆಯುವ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಮುಟ್ಟುವ ಅಗತ್ಯವಿಲ್ಲ. ಡಿಸೆಂಬರ್‌ನಿಂದ ಮೊದಲ ಮಳೆಯವರೆಗೆ ಎರಡು ವಾರಕ್ಕೊಮ್ಮೆ ಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ. ಆ ಗಡಸು ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಕಾವೇರಿ ನೀರು ಅಥವಾ ಶೇಖರಿಸಿದ ಮಳೆನೀರು ಒಳ್ಳೆಯದು. ಸೂರ್ಯ ಏರುವ ಮೊದಲೇ ಮುಗಿಸಿ. ಕಾದ ಗಾಜಿಗೆ ತಣ್ಣೀರು ಸುರಿಯುವುದು ಸರಿಯಲ್ಲ. ಸೋಪಿನ ಪುಡಿ, ಪಾತ್ರೆ ಉಜ್ಜುವ ತಂತಿ ಯಾವುದೂ ಬೇಡ, ಉದ್ದ ಕೋಲಿನ ಮೆತ್ತನೆ ಮಾಪ್ ಸಾಕು. ಪ್ಯಾನೆಲ್ ಮೇಲೆ ಕಾಲಿಟ್ಟು ತೊಳೆಯಲು ಯಾರಿಗೂ ಬಿಡಬೇಡಿ. ಹೊರಗೆ ಗಾಜು ಚೆನ್ನಾಗಿಯೇ ಕಂಡರೂ ಒಳಗೆ ಸೆಲ್ ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕೆಳಗಿನ ಅಂಚನ್ನು ಒರೆಸಿ. ನಮ್ಮ ಊರಿಗೆ ಪ್ಯಾನೆಲ್‌ನ ಇಳಿಜಾರು ಹತ್ತು ಹದಿಮೂರು ಡಿಗ್ರಿಯಷ್ಟೇ ಇರುವುದರಿಂದ, ಜಾರಿ ಬಂದ ಧೂಳೆಲ್ಲ ಚೌಕಟ್ಟಿನ ಕೆಳತುದಿಗೆ ಒಂದು ಗೆರೆಯಾಗಿ ನಿಲ್ಲುತ್ತದೆ. ಆ ತೆಳು ಗೆರೆ ಕೆಳಸಾಲಿನ ಸೆಲ್‌ಗಳಿಗೆ ನೆರಳಿನಷ್ಟೇ ಕೆಟ್ಟದ್ದು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಸಿಮೆಂಟ್ ಧೂಳು ಇಬ್ಬನಿಯ ಜೊತೆ ಸೇರಿ ಗಟ್ಟಿಯಾಗುವ ಮೊದಲೇ ತೊಳೆದುಬಿಡಿ. ಪಾರಿವಾಳಗಳಿಗೆ ಸುತ್ತ ಬಲೆ ಕಟ್ಟಿಸುವುದೊಂದೇ ಉಪಾಯ.

ಆ ಕಳೆದುಹೋದ ಒಂದಂಕ: ಮೊದಲ ಬೇಸಿಗೆಯಲ್ಲಿ ನಡುಮಧ್ಯಾಹ್ನ, ಉತ್ಪಾದನೆ ತುದಿಗೇರಿದ ಹೊತ್ತಿಗೆ, ಇನ್ವರ್ಟರ್ ಆಫ್ ಆಗಿ ಕೆಲವು ನಿಮಿಷದ ನಂತರ ತಾನೇ ಆನ್ ಆಗುತ್ತಿತ್ತು. ಪರದೆಯಲ್ಲಿ 'ಗ್ರಿಡ್ ಓವರ್ ವೋಲ್ಟೇಜ್' ಎಂದು ಬರುತ್ತಿತ್ತು. ಹಾಕಿಸಿದವರನ್ನು ಕೇಳಿದರೆ ಲೈನಿನ ತೊಂದರೆ ಎಂದು ಕೈ ತೊಳೆದುಕೊಂಡರು. ಕೊನೆಗೆ ನಮ್ಮ ಬಡಾವಣೆಯ ಹಳೆಯ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದು ನೋಡಿ, "ಲೈನ್ ಪರವಾಗಿಲ್ಲ ಮೇಡಂ, ತಾರಸಿಯಿಂದ ಮೀಟರ್‌ವರೆಗೆ ಎಳೆದಿರೋ ವೈರು ಸಣ್ಣದಾಯ್ತು" ಅಂದರು. ಸಣ್ಣ, ಉದ್ದ ಕೇಬಲ್‌ನಲ್ಲಿ ಕರೆಂಟ್ ಹೊರಗೆ ಹೋಗುವಾಗ ಇನ್ವರ್ಟರ್ ಕಡೆ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದರೆ ಅದು ನಿಂತುಬಿಡುತ್ತದೆ. ದಪ್ಪ ಕೇಬಲ್ ಎಳೆಸಿದ ಮೇಲೆ ಆ ಕಾಟ ನಿಂತಿತು. ಕೊಟೇಶನ್‌ನಲ್ಲಿ ಎಸಿ ಕೇಬಲ್ (ಇನ್ವರ್ಟರ್‌ನಿಂದ ಮೀಟರ್‌ಗೆ ಹೋಗುವುದು) ಎಷ್ಟು ಚದರ ಮಿಲಿಮೀಟರ್, ಎಷ್ಟು ಉದ್ದ ಎಂದು ಬರೆಸಿಕೊಳ್ಳಿ. ಅರ್ಥಿಂಗ್ ಕೂಡ ಪ್ಯಾನೆಲ್‌ಗೆ, ಎಸಿ ಕಡೆಗೆ, ಮಿಂಚು ನಿರೋಧಕಕ್ಕೆ ಬೇರೆ ಬೇರೆ ಇರಬೇಕು.

ಹಣದ ಲೆಕ್ಕ ಮನೆಯಿಂದ ಮನೆಗೆ ಬದಲಾಗುತ್ತದೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಇದು ಬೇಡ ಎಂದೇ ಹೇಳುತ್ತೇನೆ. ನಮ್ಮದು ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರ್, ಸಂಪಿನ ಮೋಟರ್ ಸೇರಿ ತಿಂಗಳಿಗೆ 350 ಯೂನಿಟ್ ದಾಟುವ ಮನೆ. 2024ರಲ್ಲಿ ಬಳಕೆಗೆ ತಕ್ಕಂತೆ ದರ ಬದಲಾಗುವ ಸ್ಲ್ಯಾಬ್ ತೆಗೆದು ಯೂನಿಟ್‌ಗೆ 5.90 ರೂಪಾಯಿ ಮಾಡಿದರೂ ನಮ್ಮಂಥವರಿಗೆ ಉಳಿತಾಯ ಚೆನ್ನಾಗಿದೆ, ಆರು ವರ್ಷದೊಳಗೆ ಹಾಕಿದ ಹಣ ಬರುವ ಅಂದಾಜಿದೆ. ನೆಟ್ ಮೀಟರಿಂಗ್‌ನಲ್ಲಿ ಬೆಸ್ಕಾಂನಿಂದ ಬಂದ ಯೂನಿಟ್‌ನಲ್ಲಿ ನಾವು ಕೊಟ್ಟದ್ದು ಕಳೆಯುತ್ತಾರೆ. ಬಳಸಿದ್ದಕ್ಕಿಂತ ಹೆಚ್ಚು ಕೊಟ್ಟರೆ ಆ ಹೆಚ್ಚಿನದಕ್ಕೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಹಾಗಾಗಿ ತಾರಸಿ ತುಂಬ ಪ್ಯಾನೆಲ್ ಹಾಕಿಸುವುದರಲ್ಲಿ ಲಾಭವಿಲ್ಲ, ಬಳಕೆಗೆ ತಕ್ಕಷ್ಟು ಸಾಕು. ಮಂಜೂರಾದ ಲೋಡ್‌ನ ನಿಗದಿತ ಶುಲ್ಕ ಏನು ಮಾಡಿದರೂ ತಪ್ಪುವುದಿಲ್ಲ.

ಕರೆಂಟ್ ಹೋದಾಗ ಆನ್‌ಗ್ರಿಡ್ ಸೋಲಾರೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದು ಎಂದು ಹಾಗೆ ಮಾಡಿರುವುದು, ಅದು ಸರಿಯೇ. ಹಳೆಯ ಯುಪಿಎಸ್ಸನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಆ್ಯಪ್‌ನಲ್ಲಿ ಕಾಣುವ ಉತ್ಪಾದನೆಗೂ ಬಿಲ್‌ನಲ್ಲಿರುವ ಎಕ್ಸ್‌ಪೋರ್ಟ್‌ಗೂ (ಬೆಸ್ಕಾಂಗೆ ಕೊಟ್ಟ ಯೂನಿಟ್) ತಾಳೆ ಬರುತ್ತಿಲ್ಲ ಎಂದು ಎದುರು ಮನೆಯವರು ಚಿಂತೆಗೆ ಬಿದ್ದಿದ್ದರು. ತಾಳೆ ಬರಬೇಕಾಗಿಲ್ಲ. ಹಗಲು ಮನೆಯಲ್ಲೇ ಖರ್ಚಾದದ್ದು ಬೆಸ್ಕಾಂ ಮೀಟರ್‌ಗೆ ಗೊತ್ತಾಗುವುದೇ ಇಲ್ಲ. ಉತ್ಪಾದನೆಯಿಂದ ಎಕ್ಸ್‌ಪೋರ್ಟ್ ಕಳೆದು, ಅದಕ್ಕೆ ಇಂಪೋರ್ಟ್ (ಬೆಸ್ಕಾಂನಿಂದ ಬಂದ ಯೂನಿಟ್) ಕೂಡಿಸಿದರೆ ಮನೆಯ ನಿಜವಾದ ಬಳಕೆ ಸಿಗುತ್ತದೆ. ಪ್ರತಿ ಬಿಲ್‌ಗೂ ಈ ಲೆಕ್ಕ ಬರೆದಿಡಿ, ದೋಷ ಬೇಗ ಸಿಗುತ್ತದೆ. ಆ್ಯಪ್‌ನ ಲಾಗಿನ್ ಗುತ್ತಿಗೆದಾರರ ಹೆಸರಲ್ಲಿದ್ದರೆ ಕೊನೆಯ ಕಂತು ಕೊಡುವ ಮೊದಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಮತ್ತು ಇನ್ವರ್ಟರ್ ವಾರಂಟಿಯ ನೋಂದಣಿಯನ್ನೂ ಆಗಲೇ ಕೇಳಿ ಪಡೆಯಿರಿ.