ಇಂಗ್ಲಿಷ್ ಬುಲ್‌ಡಾಗೋ, ಲೆವಿಟ್ಟರ ಬುಲ್‌ಡಾಗೋ?

ಇಂಗ್ಲಿಷ್ ಬುಲ್‌ಡಾಗಿನ ಮುಖಕ್ಕೆ ಮರುಳಾಗದವರು ಕಡಿಮೆ. ಆದರೆ ಆ ಚಪ್ಪಟೆ ಮುಖವೇ ಅದಕ್ಕೆ ಮುಳುವು: ಬಿಸಿಲಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಗೊರಗೊರ ಏದುಸಿರು, ಮೂಗಿನ ಮೇಲಿನ ಮಡಿಕೆ ದಿನಾ ಒರೆಸದಿದ್ದರೆ ಕೆಂಪಾಗಿ ನಾತ. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಹೆರಿಗೆ ಬಹುಪಾಲು ಸಿಸೇರಿಯನ್ನೇ.

ಇದನ್ನು ನೋಡಲಾರದೆ ಅಮೆರಿಕದ ಪೆನ್ಸಿಲ್ವೇನಿಯಾದ ಡೇವಿಡ್ ಲೆವಿಟ್ 1971ರಲ್ಲಿ ಹೊಸ ತಳಿಗೆ ಕೈಹಾಕಿದರು. ಅರ್ಧ ಇಂಗ್ಲಿಷ್ ಬುಲ್‌ಡಾಗ್. ಉಳಿದರ್ಧ ಬುಲ್‌ಮಾಸ್ಟಿಫ್, ಅಮೆರಿಕನ್ ಬುಲ್‌ಡಾಗ್, ಪಿಟ್‌ಬುಲ್. ಕಾಲು ಉದ್ದ, ಮೂತಿ ತುಸು ಮುಂದೆ, ಓಟಕ್ಕೂ ಸೈ.

ನೋಂದಣಿಯಲ್ಲಿ ಮಾತ್ರ ಹಳೆಯದೇ ಮುಂದೆ. ಹೊಸದನ್ನು ನಾಯಿ ತಳಿ ನೋಂದಾಯಿಸುವ ಅಮೆರಿಕದ ಸಂಸ್ಥೆ ಯುನೈಟೆಡ್ ಕೆನಲ್ ಕ್ಲಬ್ ಒಪ್ಪಿದ್ದು 2014ರಲ್ಲಿ, ಓಲ್ಡ್ ಇಂಗ್ಲಿಷ್ ಬುಲ್‌ಡಾಗ್ (Olde English Bulldogge) ಹೆಸರಲ್ಲಿ. ನನ್ನ ಓಟು ಇದಕ್ಕೇ. ಆದರೂ ಹೆಸರು ನಂಬಿ ದುಡ್ಡು ಕೊಡಬೇಡಿ. ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ, ಎದುರಿಗೇ ಓಡಿಸಿ ನೋಡಿ.