ನನ್ನ ಬರಹ ಕದ್ದವರೇ ನನಗೆ ಕಾಪಿರೈಟ್ ನೋಟಿಸ್ ಕಳಿಸಿದ್ದಾರೆ, ಹುಷಾರಾಗಿರಿ

ಆನ್‌ಲೈನ್ ಕೋರ್ಸ್ ಮಾರುವ ಒಂದು ಕಂಪನಿ ದುಡ್ಡು ವಾಪಸ್ ಕೊಡದೆ ಸತಾಯಿಸಿದ್ದನ್ನು ಬ್ಲಾಗ್‌ನಲ್ಲಿ ಬರೆದಿದ್ದೆ. ಎಲ್ಲ ನನ್ನದೇ ಮಾತು, ನಾನೇ ತೆಗೆದ ಸ್ಕ್ರೀನ್‌ಶಾಟ್. ಇದ್ದಕ್ಕಿದ್ದಂತೆ ಬರಹವೇ ಮಾಯ. ಕಾಪಿರೈಟ್ ದೂರು ಬಂದಿದೆ ಅಂತ ಒಂದು ಮೇಲ್. ನಾನು ಕದ್ದೆನಂತೆ! ನನ್ನ ಬರಹವನ್ನು ನಾನೇ ಕದ್ದೆನಂತೆ!

ದೂರಿನಲ್ಲಿದ್ದ ಲಿಂಕ್ ತೆರೆದೆ. ಯಾವುದೋ ಕೇಳರಿಯದ ಸುದ್ದಿ ಸೈಟ್. ಅಲ್ಲಿ ನನ್ನ ಬರಹ ಅಕ್ಷರಕ್ಕೆ ಅಕ್ಷರ ಇದೆ. ಸ್ಕ್ರೀನ್‌ಶಾಟ್‌ನಲ್ಲಿ ಫೋನ್ ನಂಬರ್ ಮುಚ್ಚಲು ನಾನು ಎಳೆದಿದ್ದ ಕಪ್ಪು ಗೆರೆಯೂ ಹಾಗೇ ಇದೆ. ತಾರೀಕು ಮಾತ್ರ ನನ್ನದಕ್ಕಿಂತ ಹಳೆಯದು. ಎಷ್ಟು ಹಳೆಯದು ಅಂದರೆ, ನಾನು ಆ ಕೋರ್ಸ್‌ಗೆ ದುಡ್ಡು ಕಟ್ಟುವುದಕ್ಕೂ ಮೊದಲಿನದು! ಇದನ್ನು ಯಾರೂ ನೋಡಲೇ ಇಲ್ವಾ?

ನೋಡುವುದಿಲ್ಲ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆ ಇರುವುದೇ ಹಾಗೆ. ದೂರು ಬಂದ ಕೂಡಲೇ ತೆಗೆದರೆ ವೆಬ್‌ಸೈಟ್ ನಡೆಸುವವರಿಗೆ ರಕ್ಷಣೆ, ಇಲ್ಲದಿದ್ದರೆ ಅವರ ತಲೆಗೇ ಬರಬಹುದು. ಅದಕ್ಕೇ ಮೊದಲು ತೆಗೆಯುತ್ತಾರೆ. ನಿಜವಾಗಿ ಕಳವಾದವರಿಗೆ ಇದು ಬೇಕೇ ಬೇಕು, ಅದು ನನಗೂ ಗೊತ್ತು. ಆದರೆ ಕಳ್ಳರ ಕೈಗೂ ಅದೇ ಸಿಕ್ಕಿದೆ.

ದೂರು ಕೊಟ್ಟವರಿಗೆ ಬರೆದೆ. "ಮೂಲ ಲೇಖಕರ ಹಕ್ಕು ಕಾಪಾಡುವುದು ನಮ್ಮ ಕೆಲಸ" ಅಂತ ಉತ್ತರ. ತಾರೀಕಿನ ವಿಷಯ ಕೇಳಿದೆ. "ಅದನ್ನು ಕೋರ್ಟಿನಲ್ಲಿ ಹೇಳಿ" ಅಂದರು. ಮೂಲ ಲೇಖಕರು ಯಾರು ಅಂದರೆ ಉತ್ತರವೇ ಇಲ್ಲ. ಆಮೇಲೆ ಬಂತು ನೋಡಿ: "ಬರಹದಲ್ಲಿ ಆ ಕಂಪನಿಯ ಹೆಸರು ತೆಗೆದುಬಿಡಿ, ದೂರು ವಾಪಸ್ ಪಡೆಯುತ್ತೇವೆ."

ಕಂಪನಿಯ ಹೆಸರು! ಕಾಪಿರೈಟ್‌ಗೂ ಕಂಪನಿಯ ಹೆಸರಿಗೂ ಏನು ಸಂಬಂಧ? ಅಲ್ಲಿಗೆ ಎಲ್ಲ ಗೊತ್ತಾಯಿತು. ಅಷ್ಟು ದಿನ ಲೇಖಕರು ಅಂತ ನಂಬಿ ಮರ್ಯಾದೆಯಿಂದ ವಿವರಣೆ ಕೊಡುತ್ತಾ ಕೂತಿದ್ದೆನಲ್ಲ, ಮೈಯೆಲ್ಲ ಉರಿದುಹೋಯಿತು. ಕಂಪನಿಯವರನ್ನು ಕೇಳಿದರೆ "ನಮಗೂ ಅದಕ್ಕೂ ಸಂಬಂಧವಿಲ್ಲ."

ಇದು ನನಗೊಬ್ಬನಿಗೆ ಆಗಿದ್ದಲ್ಲ. ಸುಳ್ಳು ನೋಟಿಸ್ ಕಳಿಸಿ ಒಂದು ಲಕ್ಷಕ್ಕೂ ಜಾಸ್ತಿ ಲಿಂಕ್‌ಗಳ ಮೇಲೆ ದೂರು ಕೊಟ್ಟರು ಅಂತ ಗೂಗಲ್ಲೇ 2023ರಲ್ಲಿ ಕೆಲವರ ಮೇಲೆ ಕೇಸ್ ಹಾಕಿದೆ.

ನಿಮಗೆ ಇಂಥದ್ದು ಬಂದರೆ ಹೆದರಿ ಏನನ್ನೂ ಅಳಿಸಬೇಡಿ. ಹಳೆಯ ಡ್ರಾಫ್ಟ್, ಮೂಲ ಫೋಟೋ ಇಟ್ಟುಕೊಳ್ಳಿ. ನಕಲಿ ಪುಟದ ಸ್ಕ್ರೀನ್‌ಶಾಟ್ ತಕ್ಷಣ ತೆಗೆಯಿರಿ. ಲುಮೆನ್ ಎಂಬ ತಾಣದಲ್ಲಿ ಇಂಥ ಎಷ್ಟೋ ನೋಟಿಸ್‌ಗಳು ಸಿಗುತ್ತವೆ, ಅದೇ ಹೆಸರಿನವರು ಬೇರೆ ಯಾರ ಮೇಲೆ ದೂರು ಕೊಟ್ಟಿದ್ದಾರೆ ಅಂತ ಹುಡುಕಿ. ಬರಹ ನಿಜಕ್ಕೂ ನಿಮ್ಮದೇ ಆಗಿದ್ದರೆ ಕೌಂಟರ್ ನೋಟಿಸ್ ಕೊಡಿ, ಅಂದರೆ ದೂರು ತಪ್ಪು ಅಂತ ವೆಬ್‌ಸೈಟ್ ನಡೆಸುವವರಿಗೆ ಬರೆದುಕೊಡಿ. ದೂರು ಕೊಟ್ಟವರು ಕೇಸ್ ಹಾಕದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಬರಹ ವಾಪಸ್ ಬರಬೇಕು. ನನ್ನದು ಬಂತು.

ಆದರೆ ಕೌಂಟರ್ ನೋಟಿಸ್‌ನಲ್ಲಿ ನಿಮ್ಮ ನಿಜ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು. ಅದು ನೇರ ದೂರು ಕೊಟ್ಟವರ ಕೈಗೆ ಹೋಗುತ್ತದೆ. ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮನೆ ಎಲ್ಲಿ ಅಂತ ಅವರಿಗೆ ಗೊತ್ತು.